ಮಳೆ ಇಲ್ಲದೆ ಬಾಡಿದ ಜೋಳ ಹಸುವಿಗೆ ಹಾಕಬಹುದಾ? ಪಶುವೈದ್ಯರ ಜೊತೆ ಪ್ರಶ್ನೋತ್ತರ

ಮಾಲೂರು: ಡಾಕ್ಟ್ರೇ, ಮೇವಿಗೆ ಆಫ್ರಿಕನ್ ಟಾಲ್ ಮುಸುಕಿನ ಜೋಳ ಹಾಕಿದ್ದೇನೆ. ಯಾವಾಗ ಕೊಯ್ಯಲಿ?

ಡಾಕ್ಟರ್: ಹಸಿ ಮೇವಿಗಾದರೆ ಸೂಲಂಗಿ ಬಂದು ಕಾಳಿಗೆ ಹಾಲು ತುಂಬುವ ಹೊತ್ತಿಗೆ. ಸೈಲೇಜಿಗಾದರೆ, ಅಂದರೆ ಕತ್ತರಿಸಿ ಗಾಳಿಯಾಡದಂತೆ ಮುಚ್ಚಿ ಹುಳಿಸಿಡೋ ಮೇವಿಗಾದರೆ, ಕಾಳು ಸ್ವಲ್ಪ ಹಿಟ್ಟಾಗಲಿ.

ಶಿರಾ: ಸರ್, ತಿಂಗಳಿಂದ ಮಳೆ ಇಲ್ಲ, ಜೋಳ ಸೊಂಟದೆತ್ತರಕ್ಕೇ ನಿಂತಿತ್ತು. ಯೂರಿಯಾ ಮೊದಲೇ ಹಾಕಿದ್ದೆವು. ಮೊನ್ನೆ ಮಳೆ ಬಂತು, ಇವತ್ತು ಕೊಯ್ದು ಹಾಕಿದೆವು. ಒಂದು ಹಸು ಏದುಸಿರು ಬಿಡ್ತಿದೆ, ವಸಡು ಕಂದು ಬಣ್ಣ ಆಗಿದೆ.

ಡಾಕ್ಟರ್: ಆ ಮೇವು ಈಗಲೇ ಎಲ್ಲ ಹಸುಗಳ ಮುಂದಿನಿಂದ ತೆಗೆಯಿರಿ. ಹತ್ತಿರದ ಡಾಕ್ಟರಿಗೆ ಫೋನ್ ಮಾಡಿ, ನೈಟ್ರೇಟ್ ವಿಷ ಇರಬಹುದು, ಅದಕ್ಕೆ ಕೊಡೋ ಮೆಥಿಲೀನ್ ಬ್ಲೂ ಇಂಜೆಕ್ಷನ್ ಬೇಕಾಗಬಹುದು ಅಂತಲೇ ಹೇಳಿ. ಹಸುವನ್ನು ನಡೆಸಬೇಡಿ. ಗಿಡ ಬಾಡಿದಾಗ ಬೇರು ಎಳೆದುಕೊಂಡ ಸಾರಜನಕ ಪ್ರೋಟೀನ್ ಆಗದೆ ನೈಟ್ರೇಟಾಗಿಯೇ ದಂಟಿನ ಬುಡದಲ್ಲಿ ಕೂತುಬಿಡುತ್ತೆ, ಮಳೆ ಬಿದ್ದ ಕೂಡಲೇ ಇನ್ನೂ ಏರುತ್ತೆ. ಹೊಟ್ಟೆಯಲ್ಲಿ ಅದು ನೈಟ್ರೈಟ್ ಆಗಿ ರಕ್ತ ಸೇರಿದರೆ ರಕ್ತ ಆಮ್ಲಜನಕ ಹೊರಲ್ಲ. ಅದಕ್ಕೇ ವಸಡು ಕಂದು. ಗಂಟೆಗಳಲ್ಲಿ ಪ್ರಾಣ ಹೋಗುತ್ತೆ, ಕಾಯಬೇಡಿ.

ತುಮಕೂರು: ನಮ್ಮ ಗ್ರೂಪಲ್ಲಿ ಬಂದಿತ್ತು, ಬೆಲ್ಲ ಹಾಕಿದ ಮಜ್ಜಿಗೆ ಗೊಟ್ಟದಲ್ಲಿ (ಬಿದಿರಿನ ಕೊಳವೆಯಲ್ಲಿ) ಕುಡಿಸಿದರೆ ವಿಷ ಇಳಿಯುತ್ತಂತೆ.

ಡಾಕ್ಟರ್: ಕುಡಿಸಬೇಡಿ! ಏದುಸಿರು ಬಿಡೋ ಹಸುವಿಗೆ ಗೊಟ್ಟ ಹಾಕಿದರೆ ಶ್ವಾಸಕೋಶಕ್ಕೆ ಹೋಗುತ್ತೆ.

ಚನ್ನರಾಯಪಟ್ಟಣ: ಮಾಲೂರಣ್ಣ, ಆಫ್ರಿಕನ್ ಟಾಲ್ ಬರೀ ಎತ್ತರ. ತೆನೆ ಚೆನ್ನಾಗಿ ಬಿಡೋ ಹೈಬ್ರಿಡ್ ಹಾಕಿ ಸೈಲೇಜ್ ಮಾಡಿ.

ಮಾಲೂರು: ಎಕರೆಗೆ 16 ಟನ್ ತೆಗೆದಿದ್ದೇನೆ. ನಿಮಗೆ ಬಂದಿದೆಯಾ?

ಚನ್ನರಾಯಪಟ್ಟಣ: ಆ ತೂಕದಲ್ಲಿ ಮುಕ್ಕಾಲು ನೀರೇ ಅಲ್ವಾ? ಹಾಲು ಬರೋದು ಕಾಳಿಂದ.

ಮಾಲೂರು: ಕಾಳು ಕಾಳು ಅಂತೀರಿ, ನಿಮ್ಮ ಹಸು ಎಷ್ಟು ಕೊಡುತ್ತೆ ಹೇಳಿ ಮೊದಲು.

ಗೌರಿಬಿದನೂರು: ಸೈನಿಕ ಹುಳಕ್ಕೆ ಔಷಧಿ ಹೊಡೆದು ಎಷ್ಟು ದಿನ ಬಿಟ್ಟು ಮೇವು ಹಾಕಬೇಕು?

ತುಮಕೂರು: ಕೊಯ್ಯೋ 3 ದಿನ ಮುಂಚೆ ಯೂರಿಯಾ ಹಾಕಿದರೆ ಪ್ರೋಟೀನ್ ದುಪ್ಪಟ್ಟು ಅಂತ ಇನ್ನೊಂದು ಮೆಸೇಜ್ ಇದೆ ಸರ್, ಕಳಿಸಲಾ?

ಡಾಕ್ಟರ್: ಕಳಿಸಬೇಡಿ. ಶಿರಾದಲ್ಲಿ ಏನಾಗ್ತಿದೆ ಓದಿದಿರಾ? ಪ್ರೋಟೀನ್ ಬೇಕಿದ್ದರೆ ಜೋಳದ ಸಾಲಿನ ಮಧ್ಯೆ ಅಲಸಂದೆ ಹಾಕಿ.

ಕೋಲಾರ: ಸರ್, ಹಸಿ ಮೇವಿಗೆ ಯಾವಾಗ ಕೊಯ್ಯಬೇಕು?

ಡಾಕ್ಟರ್: ಮೇಲೆ ಓದಿ.

ಶಿರಾ: ಡಾಕ್ಟರ್ ಬಂದು ಇಂಜೆಕ್ಷನ್ ಕೊಟ್ಟರು ಸರ್, ಉಸಿರು ಸ್ವಲ್ಪ ಇಳಿದಿದೆ. ಹೊಲದಲ್ಲಿರೋದನ್ನು ಒಣಗಿಸಿ ಹಾಕಲಾ?

ಡಾಕ್ಟರ್: ಒಣಗಿಸಿದರೆ ನೈಟ್ರೇಟ್ ಹೋಗಲ್ಲ. ಒಂದು ವಾರವಾದರೂ ಮುಟ್ಟಬೇಡಿ. ಆಮೇಲೆ ಬುಡದಿಂದ ಒಂದಡಿ ಬಿಟ್ಟು ಕೊಯ್ದು ಸೈಲೇಜ್ ಮಾಡಿ. ಅದರಲ್ಲೂ ಕಡಿಮೆಯಾಗುತ್ತೆ ಅಷ್ಟೇ, ಪರೀಕ್ಷೆ ಮಾಡಿಸದೆ ಹಾಕಬೇಡಿ. ರಾತ್ರಿ ಹಸು ನೋಡ್ತಾ ಇರಿ, ಮತ್ತೆ ಉಸಿರು ಏರಿದರೆ ಅವರನ್ನೇ ಕರೆಸಿ.

ಚನ್ನರಾಯಪಟ್ಟಣ: ಮಾಲೂರಣ್ಣ, 14 ಲೀಟರ್. ಈಗ ನೀವು ಹೇಳಿ.