‘ಕತ್ತಿವರಸೆ’ಯಾಗಿನ ವರಸೆ ಯಾವ ವರಸೆ? (ಮತ್ತೆ ಆ ಕತ್ತಿ ಯಾವ ಕತ್ತಿ?)

ಎಲ್ಲರಿಗೂ ನಮಸ್ಕಾರ್ರಿ. ಒಂದು ಪದದ ಬೆನ್ನು ಹತ್ತಿ ಹದಿನೈದು ದಿನ ಆತು, ಬಿಡವಲ್ದು, ಅದಕ್ಕ ತಂದು ನಿಮ್ಮ ಮುಂದ ಹಾಕಾಕತ್ತೀನಿ.

ಗಂಗಾವತಿಯಾಗ ನಮ್ಮ ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಸಾಲಿಯಾಗ ಪ್ರಾಜೆಕ್ಟ್ ಕೊಟ್ಟಾರ, ಜಗತ್ತಿನ ಬೇರೆ ಬೇರೆ ದೇಶದಾಗ ಕತ್ತಿವರಸೆ ಹೆಂಗ ಬೆಳೀತು ಅಂತ. ಚಾರ್ಟ್ ಮ್ಯಾಲೆ ಬರಿಯಾಕ ಕನ್ನಡ ಪದ ಹೇಳು ಮಾಮಾ ಅಂತ ಗಂಟು ಬಿದ್ಲು. ಹೆಡ್ಡಿಂಗ್ ಜೋರಾಗಿ ಓದಿದ್ಲು. ನಮ್ಮ ಮಾತಿನಾಗ ಕೊನಿ ‘ಎ’ ಎಲ್ಲಾ ‘ಇ’ ಆಗ್ತಾವಲ್ಲ, ಮನೆ ಹೋಗಿ ಮನಿ, ಆನೆ ಹೋಗಿ ಆನಿ, ಹಂಗ ಅದು "ಕತ್ತಿ ವರಸಿ" ಆತು. ಮೂಲ್ಯಾಗ ಕುಂತು ಸಜ್ಜಿ ಹಸನ ಮಾಡಾಕತ್ತಿದ್ದ ನಮ್ಮವ್ವ ತಲಿ ಎತ್ತಿ "ಕತ್ತಿಗೆ ಎಂಥಾ ವರಸಿ ಬೇ? ನಿನಗ ಅದು ಅಣ್ಣ ಆಗಬೇಕೋ ಮಾವ ಆಗಬೇಕೋ?" ಅಂದ್ಲು. ಹೊರಗಿನವರಿಗೆ ಹೇಳಬೇಕಂದ್ರ, ನಮ್ಮ ಕಡಿ ಕತ್ತಿ ಅಂದ್ರ ಮೊದಲು ನೆನಪಾಗೋದು ಉದ್ದ ಕಿವಿ ಪ್ರಾಣಿ, ವರಸಿ ಅಂದ್ರ ನೆಂಟಸ್ತನದ ಲೆಕ್ಕ, ವರಸಿಲೆ ಅಣ್ಣ, ವರಸಿಲೆ ಅತ್ತಿ ಅಂತೀವಲ್ಲ ಅದು. ಸರಿ ಹಂಗಾದ್ರ ಕತ್ತಿ ಬ್ಯಾಡ, ಖಡ್ಗ ಅಂತ ಬರಿ ಅಂದೆ. ಹುಡುಗಿ ಚಾಲಾಕಿ, "ಖಡ್ಗಮೃಗ ಅಂತಾರಲ್ಲ ಮಾಮಾ" ಅಂದ್ಲು. ಸಂಸ್ಕೃತದಾಗ ಖಡ್ಗ ಅನ್ನೋದಕ್ಕ ಆ ಪ್ರಾಣಿ ಅನ್ನೋ ಅರ್ಥನೂ ಐತಿ. ಕತ್ತಿ ಹಿಡಿದ್ರ ಕತ್ತೆ, ಖಡ್ಗ ಹಿಡಿದ್ರ ಘೇಂಡಾ.

ನಗಿ ಆದಮ್ಯಾಲೆ ಕುಂತು ಯೋಚಿಸಿದ್ರ ಅವ್ವ ಕೇಳಿದ್ದು ತಪ್ಪಲ್ಲ ಅನ್ನಿಸ್ತು. ನೆಂಟಸ್ತನದ ವರಸೆ, ಸಂಗೀತ ಪಾಠದ ಸರಳೆ ವರಸೆ ಜಂಟಿ ವರಸೆ, ದೊಣ್ಣೆವರಸೆ, ಪೇಪರ್ನಾಗ ದಿನಾ ಬರೋ ‘ಹೊಸ ವರಸೆ ತೆಗೆದ ಶಾಸಕ’, ಇವೆಲ್ಲಾ ಒಂದೇ ಪದ ಇದ್ದಂಗ ಐತಿ. ತೆಲುಗಿನಾಗ ವರಸ ಅಂದ್ರ ಸಾಲು, ಕ್ರಮ, ಜೊತಿಗೆ ನೆಂಟಸ್ತನವೂ ಹೌದು. ತಮಿಳಿನಾಗ ವರಿಸೈ ಅಂದ್ರ ಸಾಲು, ಅವರಲ್ಲಿ ಬರಿಗೈ ಕಾಳಗಕ್ಕ ಕುತ್ತುವರಿಸೈ ಅಂತಾರ. ಅಂದ್ರ ಮೂಲ ಅರ್ಥ ಸಾಲು, ಒಂದರ ಹಿಂದ ಒಂದು ಬರೋದು. ಸ ರಿ ಗ ಮ ಸಾಲಾಗಿ ಕಲಿಸಿದಂಗ ಏಟೂ ಸಾಲಾಗಿ ಕಲಿಸ್ತಾರ, ಇದಾದ ಮ್ಯಾಲೆ ಅದು, ಅದಾದ ಮ್ಯಾಲೆ ಇದು. ಆಮ್ಯಾಲೆ ಆ ಸಾಲಿನಾಗಿನ ಒಂದೊಂದು ನಡೆಗೂ ವರಸೆ ಅನ್ನೋ ಹೆಸರು ಬಂದು, ಕಡೀಕ ‘ಅವನ ವರಸೆ ನೋಡು’ ಅಂತ ನಡವಳಿಕಿಗೂ ಅಂಟಿಕೊಂಡಿರಬೇಕು, ಇದು ನನ್ನ ಊಹೆ, ತಪ್ಪಿದ್ರ ತಿದ್ರಿ.

ಇಷ್ಟು ಹಿಡಕೊಂಡು ಬೇರೆ ದೇಶದವರು ಈ ವಿದ್ಯಾಕ್ಕ ಏನಂತಾರ ನೋಡಿದೆ. ಇಂಗ್ಲಿಷಿನ ಫೆನ್ಸಿಂಗ್ ಬಂದದ್ದು ಡಿಫೆನ್ಸ್ ಅನ್ನೋದರ ತಲಿ ಕಡಿದು. ಬೇಲಿ ಅನ್ನೋ ಅರ್ಥದ ಫೆನ್ಸೂ ಅದರಿಂದಾನೇ ಬಂದದ್ದು. ಮೊಬೈಲ್ ಅನುವಾದ ಫೆನ್ಸಿಂಗ್‌ಗೆ ‘ಬೇಲಿ ಹಾಕುವುದು’ ಅಂತ ಕೊಟ್ಟಾಗ ನಾವು ನಗ್ತೀವಲ್ಲ, ಬೇರು ನೋಡಿದ್ರ ಅದು ಪೂರ್ತಿ ದಡ್ಡತನ ಅಲ್ಲ. ಫ್ರೆಂಚರ ಎಸ್ಕ್ರಿಮ್, ಸ್ಪ್ಯಾನಿಷರ ಎಸ್ಗ್ರಿಮಾ, ಇಟಲಿಯವರ ಸ್ಕೆರ್ಮಾ ಮೂರೂ ಹಳೇ ಜರ್ಮನಿಕ್ ಮೂಲದ ‘ಕಾಯಿ, ಮರೆ ಮಾಡು’ ಅನ್ನೋ ಪದದಿಂದ ಬಂದಾವ, ಜರ್ಮನ್ನರು ಕೊಡೆಗೆ ಷಿರ್ಮ್ ಅಂತಾರಲ್ಲ ಅದೂ ಇದೇ ಬಳಗ. ಸ್ಪೇನಿನವರು ಫಿಲಿಪ್ಪೀನ್ಸ್ ಆಳಿದಾಗ ಆ ಪದ ಅಲ್ಲಿಗೂ ಹೋಗಿ ಎಸ್ಕ್ರಿಮಾ ಆತು, ಅಲ್ಲಿ ಈಗ ಹೆಚ್ಚಾಗಿ ಬೆತ್ತದ ಕೋಲು ಹಿಡಿದೇ ಕಲಿಸ್ತಾರ. ಜಪಾನಿನವರದು ಬೇರೆ ದಿಕ್ಕು. ಮೊದಲು ಕೆಂಜುತ್ಸು, ಅಂದ್ರ ಕತ್ತಿಯ ಕಸಬು. 1876ರಾಗ ಸರ್ಕಾರ ಬೀದಿಯಾಗ ಕತ್ತಿ ಕಟ್ಟಿಕೊಂಡು ತಿರುಗೋದನ್ನ ಬಂದ್ ಮಾಡ್ತು, ಸಮುರಾಯಿಗಳ ಸೊಂಟ ಖಾಲಿ ಆತು, ವಿದ್ಯಾ ಮಾತ್ರ ಉಳಿದು ಬರ್ತಾ ಬರ್ತಾ ಕೆಂಡೋ ಅನ್ನೋ ಹೆಸರು ಗಟ್ಟಿ ಆತು, ಅಂದ್ರ ಕತ್ತಿಯ ದಾರಿ, ಕೈಯಾಗ ಇರೋದು ಬಿದಿರಿನ ಸೀಳು.

ಹಂಗಾದ್ರ ಯುರೋಪಿನವರು ಕಾಯೋದರಿಂದ ಹೆಸರಿಟ್ರು, ಜಪಾನಿನವರು ದಾರಿಯಿಂದ, ನಾವು ಸಾಲಿನಿಂದ, ಭಾಳ ಚಂದ ಐತಿ ಅಂತ ನಾನು ಚಾರ್ಟ್ನಾಗ ಬರಸೇ ಬಿಡ್ತಿದ್ದೆ. ಅಷ್ಟರಾಗ ಒಂದು ಗುದ್ದು ಬಿತ್ತು. ಇಂಗ್ಲೆಂಡಿನ ಲೀಡ್ಸ್ ಊರಿನ ರಾಯಲ್ ಆರ್ಮರೀಸ್ ಮ್ಯೂಸಿಯಂನಾಗ ಸುಮಾರು 1300ನೇ ಇಸವಿ ಹೊತ್ತಿನ ಒಂದು ಲ್ಯಾಟಿನ್ ಹಸ್ತಪ್ರತಿ ಐತಿ, ಯುರೋಪಿನಾಗ ಉಳಿದಿರೋ ಕತ್ತಿವಿದ್ಯಾ ಪುಸ್ತಕಗಳಾಗ ಅದೇ ಹಳೇದು. ಒಬ್ಬ ಪಾದ್ರಿ ಕತ್ತಿ ಮತ್ತು ಸಣ್ಣ ದುಂಡು ಗುರಾಣಿ ಹಿಡಿದು ಶಿಷ್ಯಗ ಕಲಿಸೋ ಚಿತ್ರ, ಕಡೀ ಪುಟಗಳಾಗ ವಾಲ್ಪುರ್ಗಿಸ್ ಅಂತ ಒಬ್ಬ ಹೆಣ್ಣುಮಗಳೂ ಪಾದ್ರಿ ಎದುರು ಕತ್ತಿ ಹಿಡಿದು ನಿಂತಾಳ. (ನಮ್ಮ ಹುಡುಗಿ ಚಾರ್ಟ್ ನಟ್ಟನಡುವ ಇಕಿನ್ನೇ ಬರಿದಾಳ.) ಅದರ ಶುರುನಾಗ ಈ ವಿದ್ಯಾ ಅಂದ್ರೇನು ಅಂತ ಹೇಳ್ಯಾರ: ಬಗೆಬಗೆ ಏಟುಗಳನ್ನ ಕ್ರಮಕ್ಕ ತರೋದು, ಅದು ಏಳು ಭಾಗ ಅಂತ. ಕ್ರಮಕ್ಕ ತರೋದು! ಅದು ನಮ್ಮ ವರಸೆ ಅಲ್ದೆ ಮತ್ತೇನ್ರಿ? ಹೆಸರಿನಾಗ ಬೇಲಿ ಇದ್ರೂ ಪಾಠದಾಗ ವರಸೆ. ಚೀನಾದವರ ತಾವೊಲು, ಜಪಾನಿನವರ ಕಾತಾ, ಇವೂ ಗೊತ್ತು ಮಾಡಿಟ್ಟ ನಡೆಗಳ ಸಾಲೇ. ಹಂಗಾಗಿ ವರಸೆ ಅನ್ನೋ ಪದ ಯಾವ ದೇಶದ ವಿದ್ಯಾಕ್ಕೂ ಒಪ್ಪತೈತಿ, ಅದರ ಬಗ್ಗೆ ನನಗೀಗ ತಕರಾರಿಲ್ಲ.

ತಕರಾರು ಇರೋದು ಕತ್ತಿ ಮ್ಯಾಲೆ, ಅದಕ್ಕಿಂತ ಹೆಚ್ಚು ಕ್ರಿಯಾಪದದ ಮ್ಯಾಲೆ. ಎಲ್ಲಾ ಕತ್ತಿನೂ ಒಂದೇ ಕೆಲಸ ಮಾಡಂಗಿಲ್ಲ. ನಮ್ಮ ತಲವಾರಿನ ಹಿಡಿಕಿ ನೋಡ್ರಿ, ಗಿಡ್ಡ, ತುದಿಗೆ ತಟ್ಟಿ. ಮುಷ್ಟಿ ಅದರಾಗ ಬಿಗಿಯಾಗಿ ಕುಂದರತೈತಿ, ಮಣಿಕಟ್ಟು ಮುಂದಕ್ಕ ಚಾಚಿ ಚುಚ್ಚಾಕ ಹೋದ್ರ ತಟ್ಟಿ ಅಡ್ಡ ಬರತೈತಿ. ಹಂಗಾಗಿ ತೋಳಿನಿಂದ ಬೀಸಿ ಎಳಕೊಳ್ಳಬೇಕು, ಬಾಗಿದ ಅಲಗು ಸವರಿಕೊಂಡು ಹೋಗತೈತಿ. ಅದು ಕೊಯ್ಯೋದು. ಅದೇ ಇಟಲಿ ಸ್ಪೇನಿನ ರೇಪಿಯರ್ ಉದ್ದ, ಸಪೂರ, ಸೈನ್ಯದ ಕತ್ತಿ ಅನ್ನೋದಕ್ಕಿಂತ ಪ್ಯಾಟಿ ಮಂದಿ ದಿನದ ಬಟ್ಟಿ ಮ್ಯಾಲೆ ಕಟ್ಟೋ ಕತ್ತಿ. 1553ರಾಗ ಕಮಿಲ್ಲೊ ಅಗ್ರಿಪ್ಪ ಅನ್ನೋ ಎಂಜಿನಿಯರ್ ರೇಖಾಗಣಿತ ಹಚ್ಚಿ, ಬೀಸೋದಕ್ಕಿಂತ ನೇರ ಚಾಚೋದು ಲಗೂನ ಮುಟ್ಟತೈತಿ ಅಂತ ಬರದ. ಅದು ತಿವಿಯೋದು. ಎರಡೂ ಕೈಲೆ ಹಿಡಿಯೋ ಯುರೋಪಿನ ಉದ್ದ ಕತ್ತಿ ಕಡಿಯೋದು, ತಿವಿಯೋದು ಎರಡೂ ಮಾಡತೈತಿ. ಚೀನಾದಾಗಂತೂ ಹೆಸರೇ ಬೇರೆ, ಎರಡು ಬಾಯಿಯ ನೆಟ್ಟನೆ ಕತ್ತಿ ಜಿಯೆನ್, ಒಂದೇ ಬಾಯಿದು ದಾವೊ, ಅಡಗಿ ಮನಿ ಚೂರಿಗೂ ದಾವೊನೇ. ಕಡಿ, ಕೊಯ್, ತಿವಿ, ಇರಿ, ಸೀಳು, ಚುಚ್ಚು, ಹಿರಿ, ಝಳಪಿಸು, ಇಷ್ಟು ಪದ ಮನ್ಯಾಗ ಇಟ್ಟುಕೊಂಡು ನಾವು ಎಲ್ಲಾದಕ್ಕೂ ‘ಕತ್ತಿ ಬೀಸಿದ’ ಅಂತ ಬರೀತೀವಿ. ನಮ್ಮ ದೇಶದ ಫೆನ್ಸಿಂಗ್ ಆಟಗಾರ್ತಿ ಭವಾನಿ ದೇವಿ ಟೋಕಿಯೋ ಒಲಿಂಪಿಕ್ಸ್‌ನಾಗ ಆಡಿದ್ದು ಸೇಬರ್, ಅದರಾಗ ಸೊಂಟದ ಮ್ಯಾಲೆ ಅಲಗಿಲೆ ಮುಟ್ಟಿದ್ರೂ ಪಾಯಿಂಟು. ಫೆನ್ಸಿಂಗಿನ ಉಳಿದ ಎರಡು ಬಗಿ, ಫಾಯಿಲ್ ಮತ್ತು ಎಪೆಯಾಗ ಮೊನಿ ತಾಗಿದ್ರ ಮಾತ್ರ. ಮೂರಕ್ಕೂ ಸೇರಿಸಿ ‘ಕತ್ತಿ ಬೀಸುವ ಆಟ’ ಅಂದ್ರ ಎರಡಕ್ಕ ತಪ್ಪಾತು.

ಇರಿ ಬಗ್ಗೆ ಒಂದು ಮಾತು. ಈಗ ‘ಚಾಕು ಇರಿತ’ ಅಂತ ಕ್ರೈಂ ನ್ಯೂಸಿಗೆ ಇಳದೈತಿ, ಆದ್ರ ಹಳಗನ್ನಡದಾಗ ಇಱಿ ಅಂದ್ರ ಹೊಡಿ, ಕಾದಾಡು ಅಂತಾನೂ ಇತ್ತು. ರನ್ನನಿಗೆ ಆಸರಾಗಿದ್ದ ಚಾಲುಕ್ಯ ಸತ್ಯಾಶ್ರಯನ ಬಿರುದು ಇಱಿವಬೆಡಂಗ, ಇರಿಯೋದ್ರಾಗೂ ಬೆಡಗು ಇದ್ದಾವ. ಹಂಗ ‘ಬಾಳ್’ ಅನ್ನೋದು ಕತ್ತಿಗೆ ನಮ್ಮದೇ ಹಳೇ ಪದ, ತಮಿಳು ಮಲಯಾಳಿಗಳು ಇನ್ನೂ ವಾಳ್ ಅಂತಾರ. ಜೀವಿಸೋ ಬಾೞ್ ಬೇರೆ ಅಕ್ಷರ ಇತ್ತು. ಆ ೞ ಹೋಗಿ ಎರಡೂ ಒಂದೇ ಆದವು, ಮ್ಯಾಲೆ ನಮ್ಮ ಕಡಿ ಬಹಳ ಅನ್ನೋದೂ ಬಾಳ ಆತು, ಪಾಪ ಕತ್ತಿಗೆ ಜಾಗಾನೇ ಉಳೀಲಿಲ್ಲ. ಕೇರಳದ ಕಳರಿಯಾಗ ಬೆಲ್ಟಿನಂಗ ಬಳಕೋ ಉರುಮಿ ಅನ್ನೋ ಕತ್ತಿ ಐತಿ, ಬಳ್ಳಾರಿ ಚಿತ್ರದುರ್ಗದ ಕಡಿ ಉರುಮಿ ಅಂದ್ರ ಮಂದಿ ಕುಣಿಯಾಕ ಎದ್ದು ನಿಲ್ತಾರ, ಅದು ವಾದ್ಯ.

ಇನ್ನೂ ಒಂದು ಸಿಕ್ಕು ಫಿರಂಗಿದು. ಕನ್ನಡದಾಗ ಫಿರಂಗಿ ಅಂದ್ರ ತೋಪು. ಆದ್ರ ಮರಾಠಿಯಾಗ, ದಖ್ಖನಿನ ಆಯುಧದ ಲೆಕ್ಕದಾಗ ಅದು ಕತ್ತಿ, ಪರದೇಶದ ನೆಟ್ಟನೆ ಅಲಗಿಗೆ ಇಲ್ಲಿ ಹಿಡಿಕಿ ಕೂಡಿಸಿದ್ದು. ಫರಂಗಿ ಅಂದ್ರ ಯುರೋಪಿನ ಮಂದಿ, ಪರಂಗಿ ಹಣ್ಣೂ ಅದೇ ಮಂದಿ ಹೆಸರಿಂದು. 1520ರಾಗ ಕೃಷ್ಣದೇವರಾಯ ರಾಯಚೂರು ಕ್ವಾಟಿ ಮುತ್ತಿದಾಗ ಪೋರ್ಚುಗೀಸ್ ಬಂದೂಕಿನವರು ಅವನ ಕಡಿಗೆ ಇದ್ರು, ಅಂದ್ರ ಫರಂಗಿ ಮಂದಿ ಕೃಷ್ಣಾ ತುಂಗಭದ್ರಾ ನಡುವಿನ ನಮ್ಮ ದೋಆಬಿಗೆ ಖುದ್ದಾಗಿ ಬಂದವರು. ಹಂಗಿದ್ರೂ ಕನ್ನಡದಾಗ ಹೆಸರು ಉಳದದ್ದು ತೋಪಿಗೆ, ಕತ್ತಿಗೆ ಯಾಕ ಉಳೀಲಿಲ್ಲ? ಕತ್ತಿಗಳೇ ಇರಲಿಲ್ಲ ಅನ್ನಂಗಿಲ್ಲ, ಅದೇ ಕಾಲದ ಪೋರ್ಚುಗೀಸ್ ನೂನಿಜ್ ಬರದಾನ, ವಿಜಯನಗರದಾಗ ಇಬ್ಬರು ಎದುರಾಎದುರು ಕಾದಾಡಬೇಕಂದ್ರ ಮೊದಲು ಮಂತ್ರಿ ಅಪ್ಪಣಿ ತಗೋಬೇಕಿತ್ತು, ಗೆದ್ದವಗ ಸತ್ತವನ ಆಸ್ತಿ ಸಿಗ್ತಿತ್ತು ಅಂತ. ಇಲ್ಲಿಂದ ಹೊರಗ ಹೋದ ಪದವೂ ಐತ್ರಿ, ಇಂಗ್ಲಿಷರು 1790ರ ದಶಕದಾಗ ವೂಟ್ಜ್ ಅಂತ ಬರಕೊಂಡ ಉಕ್ಕು ನಮ್ಮ ಉಕ್ಕೇ ಅಂತ ಬಾಳ ಮಂದಿ ಪಂಡಿತರು ಒಪ್ತಾರ.

ಈಗ ಕೇಳೋದು ಇಷ್ಟು. ಜಪಾನಿನ ಇಯಾಯ್ ಅನ್ನೋದಕ್ಕ, ಅಂದ್ರ ಒರೆಯಿಂದ ಹಿರಿಯೋದೂ ಕಡಿಯೋದೂ ಒಂದೇ ಏಟಿಗೆ ಮಾಡೋ ವಿದ್ಯಾಕ್ಕ, ನಾನು ‘ಹಿರಿವರಸೆ’ ಅಂತ ಕಟ್ಟಿದೆ. ಅವ್ವ ಅದಕ್ಕೂ ಬಿಡ್ಲಿಲ್ಲ, ಹಿರಿ ವರಸಿ ಅಂದ್ರ ದೊಡ್ಡಪ್ಪನ ಕಡಿ ಮಂದಿ ಏನಲೇ ಅಂದ್ಲು. ಬೇರೆ ಏನಾರ ಹೊಳೀತೈತಾ? ರೇಪಿಯರ್ ವಿದ್ಯಾಕ್ಕ ‘ತಿವಿವರಸೆ’ ಅಂದ್ರ ಕಿವಿಗೆ ಹೆಂಗ ಕೇಳತೈತಿ? ಎರಡನೇದು, ಏಟಿಗೆ ಮುಂಚೆ ಕಾಲು ಊರಿ ಮೈ ಹೂಡಿ ನಿಲ್ಲೋದಕ್ಕ ಮರಾಠಿಯವರು ಪವಿತ್ರಾ ಅಂತಾರ. ನಮ್ಮ ಗರಡಿಮನಿ ಹಳೇ ಉಸ್ತಾದರು, ವೀರಭದ್ರ ದೇವರ ಪುರವಂತರು ಒಡಪು ಹೇಳೋ ಮುಂಚೆ ಕತ್ತಿ ಎತ್ತಿ ನಿಲ್ತಾರಲ್ಲ ಅವರು, ಆ ನಿಲುವಿಗೆ ಏನಂತಾರ? ‘ಪಟ್ಟು’ ಅನಬ್ಯಾಡ್ರಿ, ಅದು ಕುಸ್ತಿದು. ಯಲಬುರ್ಗಾ, ಕುಷ್ಟಗಿ, ಸಿಂಧನೂರು, ಸಿರುಗುಪ್ಪ ಕಡಿಯವರು ಊರಿನ ಹಿರಿಯರನ್ನ ಕೇಳಿ ಬರದ್ರ ಭಾಳ ಉಪಕಾರ ಆಗತೈತಿ. ಚಾರ್ಟ್ ಸೋಮವಾರ ಕೊಡಬೇಕು, ಆ ಜಾಗ ಖಾಲಿ ಬಿಟ್ಟು ಪೆನ್ಸಿಲ್ಲಿಲೆ ಗೆರಿ ಹಾಕಿಟ್ಟಾಳ.