ಪದಚರ್ಚೆ: ‘ಲಾಸ್ಟ್ ಅಟ್ ಸೀ’ಗೆ ಏನಂತೀರಿ? ಜೊತೆಗೆ ಫ್ರೀಮೇಸನ್ನರ ಸಾವಿನ ಮಾತು

ಎಲ್ರಿಗೂ ನಮಸ್ಕಾರ. ಮೊದಲ ಮಹಾಯುದ್ಧದಲ್ಲಿ ಹಡಗಿನ ಜೊತೆಗೇ ಹೋದ ಬ್ರಿಟಿಷ್ ಫ್ರೀಮೇಸನ್ (ಕಲ್ಲುಕುಟಿಗರ ಸಂಕೇತ, ಆಚರಣೆ ಇಟ್ಕೊಂಡಿರೋ ಹಳೇ ಸೋದರ ಸಂಘದ ಸದಸ್ಯ) ನಾವಿಕರನ್ನ ನೆನೆಯೋ ಒಂದು ಬರಹ ಕನ್ನಡದಲ್ಲಿ ಬರೀತಾ ಇದೀನಿ, ಎರಡು ಮೂರು ಪದದ ಹತ್ರ ಗಾಡಿ ನಿಂತೋಗಿದೆ, ನಿಮ್ಮ ಅಭಿಪ್ರಾಯ ಬೇಕು.

ಸಂದರ್ಭ ಹೇಳ್ಬಿಡ್ತೀನಿ. 1916 ಜೂನ್ 5ರ ಸಂಜೆ, ಹ್ಯಾಂಪ್‌ಶೈರ್ ಅನ್ನೋ ಯುದ್ಧನೌಕೆ, ಬ್ರಿಟನ್ನಿನ ಆಗಿನ ಯುದ್ಧಮಂತ್ರಿ ಲಾರ್ಡ್ ಕಿಚನರ್‌ನ ರಷ್ಯಾಕ್ಕೆ ಕರ್ಕೊಂಡು ಹೊರಟಿತ್ತು. ಸ್ಕಾಟ್ಲೆಂಡಿನ ಉತ್ತರಕ್ಕಿರೋ ಆರ್ಕ್ನಿ ದ್ವೀಪಗಳ ಪಶ್ಚಿಮಕ್ಕೆ ಬರೋವಾಗ ಎಂಥಾ ಬಿರುಗಾಳಿ ಅಂದ್ರೆ, ಬೆಂಗಾವಲಿಗಿದ್ದ ಎರಡು ಡಿಸ್ಟ್ರಾಯರ್‌ಗಳು ಜೊತೆಗೆ ಬರೋಕಾಗದೆ ವಾಪಸ್ ಹೋದ್ವು. ಆಮೇಲೆ ಮಾರ್ವಿಕ್ ಹೆಡ್ ಹತ್ರ ಜರ್ಮನ್ ಸಬ್‌ಮರೀನ್ ಒಂದು ಕೆಲವೇ ದಿನ ಮುಂಚೆ ಇಟ್ಟುಹೋಗಿದ್ದ ಮೈನ್‌ಗೆ ತಾಗಿ ಕಾಲು ಗಂಟೆಯಲ್ಲಿ ಮುಳುಗಿತು. ಸತ್ತವರು 737, ಉಳಿದವರು 12. ಕಿಚನರ್ ಹೆಣ ಸಿಗಲೇ ಇಲ್ಲ. ಅವನೂ ಮೇಸನ್ನೇ, ಇಂಡಿಯಾದಲ್ಲಿ ಕಮಾಂಡರ್ ಇನ್ ಚೀಫ್ ಆಗಿದ್ದಾಗ ಪಂಜಾಬಿನ ಡಿಸ್ಟ್ರಿಕ್ಟ್ ಗ್ರ್ಯಾಂಡ್ ಮಾಸ್ಟರ್, ಅಂದ್ರೆ ಅಲ್ಲಿನ ಮೇಸನ್ನರ ಮುಖ್ಯಸ್ಥ ಕೂಡ ಆಗಿದ್ದ. ಅವನ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ ಬಿಡಿ, ನಂಗೆ ಬೇಕಿರೋದು ಲಾಡ್ಜಿನ (ಮೇಸನ್ನರ ಸ್ಥಳೀಯ ಶಾಖೆ) ಮಾಮೂಲಿ ಸದಸ್ಯ ನಾವಿಕರು.

ಈಗ ಮೊದಲನೇ ಪ್ರಶ್ನೆ. ಕಡಲಲ್ಲಿ ಸತ್ತು ಹೆಣವೂ ಸಿಗದವರನ್ನ ಇಂಗ್ಲಿಷಲ್ಲಿ ‘ಲಾಸ್ಟ್ ಅಟ್ ಸೀ’ ಅಂತಾರೆ, ಕನ್ನಡದಲ್ಲಿ ಏನನ್ನೋದು? ‘ನೀರುಪಾಲು’ ಅಂತ ಬರೆದ್ರೆ ಕೆರೆಗೆ ಈಜೋಕೆ ಹೋದ ಹುಡುಗರ ಸುದ್ದಿ ಥರ ಕೇಳುತ್ತೆ, ಅದೂ ಅಲ್ಲದೆ ದುಡ್ಡು ದಂಡ ಆದ್ರೂ ನೀರುಪಾಲೇ. ‘ಜಲಸಮಾಧಿ’ ಸನ್ಯಾಸಿಗಳು ತಾವಾಗಿ ನೀರಿಗಿಳಿಯೋದು, ಪೇಪರ್‌ನವರು ಅದನ್ನ ಬೋಟ್ ಆಕ್ಸಿಡೆಂಟಿಗೂ ಡ್ಯಾಮ್‌ನಲ್ಲಿ ಮುಳುಗಿದ ಹಳ್ಳಿಗೂ ಹಚ್ಚಿ ಸವೆಸಿಬಿಟ್ಟಿದಾರೆ. ‘ಕಾಣೆಯಾದರು’ ಅಂದ್ರೆ ಪೊಲೀಸ್ ಪ್ರಕಟಣೆ. ‘ಹುತಾತ್ಮ’ ಅನ್ನೋಕೆ ಕೈ ಬರ್ತಿಲ್ಲ, ಈಗ ಯಾರು ಸತ್ರೂ ಹುತಾತ್ಮರೇ. ವೀರಗಲ್ಲಿನ ಶಾಸನಗಳಲ್ಲಿ ಬರೋ ‘ಕಾದಿ ಸತ್ತ’ ನಂಗೆ ತುಂಬಾ ಇಷ್ಟ, ಎಷ್ಟು ನೇರವಾಗಿದೆ ನೋಡಿ, ಆದ್ರೆ ಇವರು ಕಾದಲಿಲ್ಲವಲ್ಲ, ಶತ್ರು ಮುಖಾನೂ ನೋಡದೆ ಹೋದ್ರು. ಪೋರ್ಟ್ಸ್‌ಮತ್‌ನಲ್ಲಿರೋ ನೌಕಾ ಸ್ಮಾರಕದ ಮೇಲೆ ಇಂಥವರನ್ನ ‘ಕಡಲಲ್ಲದೆ ಬೇರೆ ಗೋರಿ ಇಲ್ಲದವರು’ ಅನ್ನೋ ಅರ್ಥದಲ್ಲಿ ನೆನೆದಿದ್ದಾರೆ. ಅದನ್ನ ನೋಡಿದ ಮೇಲೆ ನಾನು ಸದ್ಯಕ್ಕೆ ‘ಕಡಲಲ್ಲೇ ಉಳಿದವರು’ ಅಂತ ಇಟ್ಕೊಂಡಿದೀನಿ. ಕರಾವಳಿ ಕಡೆಯವರು ಮೀನಿಗೆ ಹೋಗಿ ವಾಪಸ್ ಬರದೇ ಇದ್ದವರಿಗೆ ಮನೇಲಿ ಏನಂತೀರಿ? ಪೇಪರ್ ಭಾಷೆ ಬೇಡ, ಮನೆಮಾತು ಹೇಳಿ.

ಎರಡನೇದು ಇನ್ನೂ ತೊಡಕು. ಮೇಸನ್ನರು ತಮ್ಮವರು ಸತ್ರೆ ‘ಮೇಲಿನ ಗ್ರ್ಯಾಂಡ್ ಲಾಡ್ಜಿಗೆ ಹೋದ’ ಅಂತಾರೆ. ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾವಿನ ಮಾತಿದೆ, ಲಿಂಗೈಕ್ಯ, ವೈಕುಂಠವಾಸಿ, ಜೈನರಿಗೆ ಸಮಾಧಿಮರಣ, ಕ್ರೈಸ್ತರಿಗೆ ಪ್ರಭುವಿನಲ್ಲಿ ನಿದ್ರಿಸಿದರು. ಪದ ನೋಡಿದ್ರೆ ಸತ್ತವರು ಯಾರ ಪೈಕಿ ಅಂತ ಗೊತ್ತಾಗಿಬಿಡುತ್ತೆ. ಮೇಸನ್ನರದ್ದು ಬೇಕಂತಲೇ ಯಾವ ಮತಕ್ಕೂ ಅಂಟದ ಮಾತು, ಆದ್ದರಿಂದ ‘ಸ್ವರ್ಗಸ್ಥ’ ಹಾಕೋಕಾಗಲ್ಲ. ದೇವರನ್ನೂ ಅವರು ಜಗತ್ತಿನ ಮಹಾ ಆರ್ಕಿಟೆಕ್ಟ್ ಅಂತಾನೇ ಕರೆಯೋದು. ಒಬ್ಬ ಗೆಳೆಯ ‘ವಿಶ್ವಕರ್ಮ’ ಹಾಕು ಅಂದ, ಅರ್ಥ ಏನೋ ಪಕ್ಕಾ ಕೂರುತ್ತೆ, ಆದ್ರೆ ಓದೋರಿಗೆ ಪೂಜೆ, ಜಾತಿ, ಎಲ್ಲಾ ಒಟ್ಟಿಗೆ ನೆನಪಾಗುತ್ತೆ. ‘ಮಹಾಶಿಲ್ಪಿ’ ಸಾಕು ಅನ್ಸುತ್ತೆ. ‘ಮೇಲಿನ ಲಾಡ್ಜ್’ ಹಾಗೇ ಬಿಟ್ಟುಬಿಡೋಣ್ವಾ?

ಇನ್ನೊಂದು, ಅಕೇಶಿಯಾ ರೆಂಬೆ. ಅವರ ಕಥೇಲಿ ಸೊಲೊಮೋನ ರಾಜನ ದೇವಾಲಯ ಕಟ್ಟಿಸ್ತಿದ್ದ ಮುಖ್ಯಶಿಲ್ಪಿ ಹಿರಾಮನ್ನ ಕೊಂದು ಹೂತಿದ್ದ ಜಾಗದ ಗುರುತು ಸಿಕ್ಕಿದ್ದು ಆ ರೆಂಬೆಯಿಂದ, ಅದಕ್ಕೇ ಮೇಸನ್ನರ ಶವಸಂಸ್ಕಾರದಲ್ಲಿ ಗೋರಿಗೆ ಅದನ್ನ ಹಾಕೋ ರೂಢಿ ಇದೆ. ಗೋರಿನೇ ಇಲ್ಲದವನಿಗೆ ರೆಂಬೆ ಎಲ್ಲಿಡ್ತಾರೆ ಅನ್ನೋದೇ ನನ್ನ ಬರಹದ ನಡುಭಾಗ, ಹಾಗಾಗಿ ಈ ಪದ ತಪ್ಪಿಸೋ ಹಾಗಿಲ್ಲ. ‘ಅಕೇಶಿಯಾ’ ಅಂದ್ರೆ ಮಲೆನಾಡಿನವರಿಗೆ ಫಾರೆಸ್ಟ್ ಡಿಪಾರ್ಟ್‌ಮೆಂಟ್ ನೆಡುತೋಪು ಕಣ್ಮುಂದೆ ಬಂದು ಸಿಟ್ಟೇ ಬರುತ್ತೆ. ‘ಜಾಲಿ’ ಅಂದ್ರೆ ಬರೀ ಮುಳ್ಳು. ‘ಬನ್ನಿ’ ಅನ್ನೋ ಆಸೆ ಇದೆ, ಆದ್ರೆ ಪಾಂಡವರು, ದಸರಾ ಎಲ್ಲಾ ಒಳಗೆ ಬಂದು ಆರ್ಕ್ನಿ ಹೋಗಿ ಮೈಸೂರಾಗುತ್ತೆ. ಬೈಬಲಿನ ಕನ್ನಡದಲ್ಲಿ ಮಂಜೂಷ (ದೇವರ ಆಜ್ಞೆಗಳನ್ನಿಟ್ಟ ಪವಿತ್ರ ಪೆಟ್ಟಿಗೆ) ಮಾಡೋ ಮರಕ್ಕೆ ‘ಜಾಲೀಮರ’ ಅಂತಾನೇ ಇದೆ, ಅದೂ ಇದೇ ಜಾತಿ ಅಂತಾರೆ, ಅದನ್ನೇ ಹಿಡಿಯೋದು ವಾಸಿನಾ?

ಮಂಜೂಷ ಅಂದಾಗ ನೆನಪಾಯ್ತು. ಲಂಡನ್ನಿನ ಫ್ರೀಮೇಸನ್ಸ್ ಹಾಲ್ ಕಟ್ಟಿಸಿದ್ದೇ ಆ ಯುದ್ಧದಲ್ಲಿ ಸತ್ತ ಮೇಸನ್ನರ ನೆನಪಿಗೆ, 1933ರಲ್ಲಿ ಮುಗೀತು. ಅದರೊಳಗೆ 3 ಸಾವಿರಕ್ಕೂ ಹೆಚ್ಚು ಹೆಸರಿರೋ ಸುರುಳಿನ ಒಂದು ಕಂಚಿನ ಪೆಟ್ಟಿಗೇಲಿ ಇಟ್ಟಿದಾರೆ, ಪೆಟ್ಟಿಗೆ ಕೂತಿರೋದು ಜೊಂಡಿನ ನಡುವೆ ಬಂದು ನಿಂತ ದೋಣಿ ಮೇಲೆ, ಪಯಣ ಮುಗೀತು ಅನ್ನೋ ಸೂಚನೆ. ಇಂಗ್ಲಿಷಲ್ಲಿ ಆರ್ಕ್ ಅಂದ್ರೆ ಪೆಟ್ಟಿಗೇನೂ ಹೌದು ನೋಹನ ಹಡಗೂ ಹೌದು. ಕನ್ನಡ ಬೈಬಲಿನಲ್ಲಿ ಒಂದು ಮಂಜೂಷ, ಇನ್ನೊಂದು ನಾವೆ, ಬೇರೆ ಬೇರೆ. ನಾನು ‘ದೋಣಿಪೆಟ್ಟಿಗೆ’ ಅಂತ ಬರೆದೆ, ಮನೇಲಿ ಓದಿದವರು ಮೀನಿನ ಐಸ್ ಬಾಕ್ಸಾ ಅಂತ ಕೇಳಿದ್ರು. ಇದಕ್ಕಿಂತ ಒಳ್ಳೇದು ಹೊಳೆದ್ರೆ ದಯವಿಟ್ಟು ಬರೀರಿ, ಬನ್ನಿ ಜಾಲಿ ಜಗಳಕ್ಕಿಂತ ಇದು ಅರ್ಜೆಂಟು.