ಪದಚರ್ಚೆ: ‘ಏರ್‌ಕ್ರಾಫ್ಟ್ ಅರ್ಥ್ ಸ್ಟೇಷನ್’ಗೆ ಕನ್ನಡ ಬೇಕು (ತುರ್ತು)

ವಿಮಾನದೊಳಗಿನ ಉಪಗ್ರಹ ಫೋನು, ಫ್ಯಾಕ್ಸು ಬಳಸುವ ಕ್ರಮದ ಕಾರ್ಡು ಕನ್ನಡಕ್ಕೆ ಆಗಬೇಕು, ನಾಳೆ ಅಚ್ಚಿಗೆ. ಉಪಗ್ರಹದ ಜೊತೆ ಸಂಪರ್ಕಿಸುವ ವಿಮಾನದಲ್ಲಿನ ಆ ಯಂತ್ರಕ್ಕೆ ‘ವಿಮಾನ ಭೂನಿಲ್ದಾಣ’ ಅಂತ ಬರೆದು ಹೊಡೆದುಹಾಕಿದ್ದೇನೆ. ಬೇರೇನು ಹಾಕಲಿ?

ಉತ್ತರ 1
‘ನಿಲ್ದಾಣ’ ಬೇಡವೇ ಬೇಡ. ವಿಮಾನದ ಪಕ್ಕ ಅದು ಬಂತೋ, ಓದುವವರ ಮನಸ್ಸು ನೇರ ದೇವನಹಳ್ಳಿಗೆ ಹೋಗುತ್ತದೆ. ದೂರಸಂಪರ್ಕ ನಿಯಮಗಳಲ್ಲಿ ‘ಅರ್ಥ್ ಸ್ಟೇಷನ್’ ಎಂಬುದು ‘ಸ್ಪೇಸ್ ಸ್ಟೇಷನ್’ಗೆ ಎದುರುಪದ, ಅಷ್ಟೇ. ನೆಲದ ಮೇಲಿರಲಿ, ವಾತಾವರಣದೊಳಗೆ ಹಾರುತ್ತಿರಲಿ, ಉಪಗ್ರಹದ ಜೊತೆ ಮಾತಾಡುವುದೆಲ್ಲ ಅರ್ಥ್ ಸ್ಟೇಷನ್ನೇ. ಇಲ್ಲಿ ‘ಭೂ’ ತಂದರೆ ಅರ್ಥ ಕೆಡುತ್ತದೆ. ‘ವಿಮಾನ ಘಟಕ’ ಅನ್ನಿ. ಉಪಗ್ರಹದ ಜೊತೆ ನೆಲದಿಂದ ಮಾತಾಡುವ, ಪುಣೆ ಹತ್ತಿರದ ಆರ್ವಿಯಂಥ ಕೇಂದ್ರಕ್ಕೆ ‘ನೆಲಕೇಂದ್ರ’.

ಉತ್ತರ 2
‘ಘಟಕ’, ‘ಕೇಂದ್ರ’ ಎರಡೂ ಸಂಸ್ಕೃತ. ‘ನೆಲೆ’ ಇರುವಾಗ ಯಾಕೆ? ತಮಿಳಿನ ಇಲೈ ನಮ್ಮಲ್ಲಿ ಎಲೆ, ವಿಲೈ ಬೆಲೆ, ಹಾಗೆಯೇ ನಿಲೈ ನೆಲೆ. ಮೂಲ ‘ನಿಲ್’, ನೆಲಕ್ಕೆ ಅಂಟಿದ ಪದವಲ್ಲ. ಬಾನಲ್ಲೂ ನೆಲೆ ಇರಬಹುದು. ‘ನಿಲ್ದಾಣ’ದ ‘ದಾಣ’ವಾದರೋ ‘ಸ್ಥಾನ’ದಿಂದ ಬಂದ ‘ತಾಣ’, ಬೆರಕೆ. ವಿಮಾನಕ್ಕೆ ‘ಬಾನೋಡ’, ಹಾಗಾಗಿ ‘ಬಾನೋಡದ ನೆಲೆ’ ಅನ್ನಿ.

ಉತ್ತರ 1
ವ್ಯುತ್ಪತ್ತಿ ಸರಿ, ಸಲಹೆ ತಪ್ಪು. ಯಲಹಂಕದಲ್ಲಿರುವುದು ವಾಯುನೆಲೆ. ‘ಬಾನೋಡದ ನೆಲೆ’ ಅಂದರೆ ಜನ ಅದನ್ನೇ ಅಂದುಕೊಳ್ಳುತ್ತಾರೆ.

ಉತ್ತರ 3
ಪದಕ್ಕಿಂತ ಕಾರ್ಡಿನಲ್ಲಿರುವ ಕ್ರಮ ಮುಖ್ಯ. ಉಪಗ್ರಹ ಫೋನ್ ಸೇವೆ ಕೊಡುವ ಇನ್‌ಮಾರ್‌ಸ್ಯಾಟ್‌ನ ಹಳೆಯ ಏರೋ-ಎಚ್ ಬಗೆಯದಾದರೆ ಹೀಗೆ: 00, ದೇಶದ ಸಂಖ್ಯೆ, ನಂಬರು, ಕೊನೆಗೆ #. # ಬಿಟ್ಟರೆ ನಂಬರು ಮುಗಿಯಿತೆಂದು ಯಂತ್ರಕ್ಕೆ ತಿಳಿಯದೆ ಕರೆ ತಡವಾಗುತ್ತದೆ. ಉಪಗ್ರಹ ಸುಮಾರು 36,000 ಕಿ.ಮೀ. ಮೇಲಿದೆ. ಮಾತು ಆ ಕಡೆ ಮುಟ್ಟಲು ಕಾಲು ಸೆಕೆಂಡು, ಉತ್ತರ ಬರಲು ಇನ್ನೊಂದು ಕಾಲು. ‘ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಮಾತಾಡಿ’ ಎಂಬ ಸಾಲು ಬಿಡಬೇಡಿ.

ಫ್ಯಾಕ್ಸ್ ಬೇರೆಯೇ ಕಥೆ. ಮಾತನ್ನು ಸೆಕೆಂಡಿಗೆ 9,600 ಬಿಟ್‌ಗೆ ಹಿಂಡುವ ಕೋಡೆಕ್‌ನಲ್ಲಿ ಫ್ಯಾಕ್ಸ್ ಪುಟವನ್ನು ಸಾಗಿಸುವ ಸಿಳ್ಳೆಯಂಥ ಸದ್ದು ಹಾಳಾಗುತ್ತದೆ. ವಿಮಾನದಲ್ಲಿರುವ ಇಂಟರ್‌ಫೇಸ್ ಪೆಟ್ಟಿಗೆ ಆ ಸಿಳ್ಳೆಯನ್ನು ಬಿಡಿಸಿ ದತ್ತಾಂಶ ಮಾಡಿ ಕಳಿಸುತ್ತದೆ, ನೆಲಕೇಂದ್ರ ಮತ್ತೆ ಸಿಳ್ಳೆಯಾಗಿಸುತ್ತದೆ. ಹಾಗಾಗಿ ಯಂತ್ರವನ್ನು ಫ್ಯಾಕ್ಸಿಗೆಂದೇ ಹೊಂದಿಸಿದ ಸಾಕೆಟ್ಟಿಗೇ ಚುಚ್ಚಬೇಕು. ಮಾತಿನ ಸಾಕೆಟ್ಟಿಗೆ ಹಾಕಿದರೆ ಕರೆ ಸೇರುತ್ತದೆ, ಪುಟ ಹೋಗುವುದಿಲ್ಲ. ಮೂಲದಲ್ಲಿ ‘ಹ್ಯಾಂಡ್‌ಶೇಕ್’ ಇದ್ದರೆ ‘ಹಸ್ತಲಾಘವ’ ಮಾಡಬೇಡಿ, ‘ಎರಡೂ ಯಂತ್ರ ಹೊಂದಿಕೊಳ್ಳುವವರೆಗೆ ಕಾಯಿರಿ’ ಸಾಕು. ವಿಮಾನ ವಾಲಿದಾಗ ಆಂಟೆನಾಗೆ ವಿಮಾನದ ಮೈಯೇ ಅಡ್ಡ ಬಂದು ಕರೆ ಕಡಿಯಬಹುದು, ಅದನ್ನೂ ಸೇರಿಸಿ.

ಉತ್ತರ 2
ಕೋಡೆಕ್, ಸಾಕೆಟ್, ಆಂಟೆನಾ! ಎಲ್ಲ ಎರವಲೇ ಆದರೆ ಇದು ಕನ್ನಡದ ಕಾರ್ಡು ಹೇಗಾಯಿತು?

ಉತ್ತರ 3
ಸಾಕೆಟ್ಟಿನ ಮೇಲೆ ‘ಫ್ಯಾಕ್ಸ್’ ಅಂತಲೇ ಅಚ್ಚಾಗಿದೆ. ಕಾರ್ಡಿನಲ್ಲಿ ಬೇರೆ ಹೆಸರಿದ್ದರೆ ಯಾವುದಕ್ಕೆ ಚುಚ್ಚಬೇಕು? ‘ವಿಮಾನ’, ‘ಉಪಗ್ರಹ’ ಎರವಲೆಂದು ಯಾರೂ ಬಿಟ್ಟಿಲ್ಲ, ಫ್ಯಾಕ್ಸು ಏನು ಪಾಪ ಮಾಡಿದೆ?

ಕೇಳಿದವರು
‘ವಿಮಾನ ಘಟಕ’, ‘ನೆಲಕೇಂದ್ರ’ ಹಾಕಿದೆ. ನೆಲದಿಂದ ವಿಮಾನಕ್ಕೆ ಒಳಬರುವ ಕರೆಗೆ 870 5 ಎಂಬ ಆರಂಭದ ಸಂಖ್ಯೆ ಆದಮೇಲೆ ಎಂಟು ಅಂಕಿ ಕೊಟ್ಟಿದ್ದಾರೆ, ಅದರಲ್ಲೊಂದು 9 ಇದೆ. ಸರಿಯೇ?

ಉತ್ತರ 3
ತಪ್ಪು. ಆ ಎಂಟು ಅಂಕಿ ವಿಮಾನವನ್ನು ಗುರುತಿಸುವ 24 ಬಿಟ್ ವಿಳಾಸದ ಅಷ್ಟಮಾನ (0ರಿಂದ 7ರವರೆಗಿನ ಅಂಕಿ ಮಾತ್ರ ಬಳಸುವ) ರೂಪ, 8 ಮತ್ತು 9 ಬರಲು ಸಾಧ್ಯವಿಲ್ಲ. ಭಾರತದಲ್ಲಿ ನೋಂದಾಯಿಸಿದ ವಿಮಾನವಾದರೆ 40ರಿಂದ ಶುರುವಾಗಬೇಕು. ಮೂಲ ಕಳಿಸಿದವರನ್ನು ಕೇಳದೆ ಅಚ್ಚಿಗೆ ಕೊಡಬೇಡಿ.